ಹುಣಸೆ ಬಡಿಯುವ ಸದ್ದು ನಿಂತಾಗ

ಮೊನ್ನೆ ಮಧ್ಯಾಹ್ನ ನಮ್ಮ ಮನೆಯ ಹಿಂದಿನ ಜಮೀನಿನಲ್ಲಿ ಹುಣಸೆ ಬಡಿಯುತ್ತಿದ್ದರು. ಬಂಗಾರಪೇಟೆಯಲ್ಲಿ ಚಳಿ ಕಳೆದು ಬಿಸಿಲು ಏರುವ ಹೊತ್ತಿಗೆ ಪ್ರತಿ ವರ್ಷವೂ ಕೇಳುವ ಸದ್ದು ಇದು. ಉದ್ದನೆಯ ಬಿದಿರು ಗಳ ಕೊಂಬೆಗೆ ಬೀಳುವ ಸದ್ದು ಒಂದು, ಒಣಗಿದ ಕಾಯಿ ನೆಲಕ್ಕೆ ಉದುರುವ ಸದ್ದು ಇನ್ನೊಂದು. ನಾನು ಊಟ ಮುಗಿಸಿ ಪತ್ರಿಕೆ ಓದುತ್ತಿದ್ದೆ. ಇದ್ದಕ್ಕಿದ್ದ ಹಾಗೆ ಸದ್ದು ನಿಂತಿತು. ಎದ್ದು ಹೋಗಿ ಮುಂಬಾಗಿಲನ್ನು ಪೂರ್ತಿ ತೆರೆದೆ. ಗಾಳಿಗೆ ಮುಚ್ಚಿಕೊಳ್ಳದ ಹಾಗೆ ಕುರ್ಚಿಯೊಂದನ್ನು ಎಳೆದು ಅದಕ್ಕೆ ಒತ್ತಿ ಇಟ್ಟೆ.

"ನೀರು ಕುಡಿಯೋಕೆ ಇಳಿದಿದ್ದಾರೆ ಅಷ್ಟೇ, ಕೂತ್ಕೊಳ್ಳಿ" ಎಂದಳು ಹೆಂಡತಿ, ಅಡಿಗೆಮನೆಯಿಂದಲೇ.

ಮದುವೆಯಾದ ಹೊಸದರಲ್ಲಿ ಅವಳು ಇದೇಕೆ ಹೀಗೆ ಎಂದು ಕೇಳಿದ್ದಳು. ಆಗ ನಾನು ಹೇಳಿದ್ದು ಅರ್ಧ ಮಾತ್ರ. ಉಳಿದರ್ಧವನ್ನು ಈಗ ಬರೆಯುತ್ತಿದ್ದೇನೆ.

ಅದು ಐವತ್ತೇಳರ ಚುನಾವಣೆ. ನಾನು ಬಿ.ಎ. ಮುಗಿಸಿ, ಬಂಗಾರಪೇಟೆಯ ಒಂದು ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಹೇಳಲು ಸೇರಿ ಎರಡು ವರ್ಷವಾಗಿತ್ತು. ಪೋಲಿಂಗ್ ಆಫೀಸರ್ ಕೆಲಸದ ಆದೇಶ ಬಂದಾಗ ಇಡೀ ಸ್ಟಾಫ್ ರೂಮಿನಲ್ಲಿ ಸಂತೋಷಪಟ್ಟವನು ನಾನೊಬ್ಬನೇ. ಪ್ರಜಾಪ್ರಭುತ್ವ ಎಂಬ ಪದವನ್ನು ಕಪ್ಪುಹಲಗೆಯ ಮೇಲೆ ದುಂಡಗೆ ಬರೆದು ಮಕ್ಕಳಿಂದ ನಕಲು ಮಾಡಿಸಿದ್ದೆ. ಅದು ನಡೆಯುವುದನ್ನು ಹತ್ತಿರದಿಂದ ನೋಡಬಹುದಲ್ಲ ಎಂಬ ಹುಮ್ಮಸ್ಸು.

ನಮಗೆ ಹಾಕಿದ ಊರಿನ ಹೆಸರನ್ನು ಬರೆಯುವುದಿಲ್ಲ. ಆ ಮನೆತನಗಳು ಈಗಲೂ ಅಲ್ಲಿವೆ. ಕ್ಯಾಸಂಬಳ್ಳಿಯವರೆಗೆ ಬಸ್ಸು, ಅಲ್ಲಿಂದ ಎತ್ತಿನ ಗಾಡಿಯಲ್ಲಿ ಒಂದೂವರೆ ಗಂಟೆ. ಗಾಡಿಯಲ್ಲಿ ನಾನು, ಪ್ರಿಸೈಡಿಂಗ್ ಆಫೀಸರ್ ಶೇಷಗಿರಿರಾಯರು, ಖಾದರ್ ಎಂಬ ಪೊಲೀಸ್ ಪೇದೆ, ಮತ್ತು ಕಬ್ಬಿಣದ ಮತಪೆಟ್ಟಿಗೆಗಳು. ರಾಯರು ರೆವಿನ್ಯೂ ಇಲಾಖೆಯವರು. ನಿವೃತ್ತಿಗೆ ಒಂದು ವರ್ಷ ಉಳಿದಿತ್ತು, ಉಬ್ಬಸವಿತ್ತು. ದಾರಿಯುದ್ದಕ್ಕೂ ಅವರು ನಿಯಮಗಳ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಗಾಡಿ ಎತ್ತಿಹಾಕಿದಾಗಲೆಲ್ಲ ಅದನ್ನೇ ಮೊದಲು ಹಿಡಿದುಕೊಳ್ಳುತ್ತಿದ್ದರು.

ಈಗಿನವರಿಗೆ ಒಂದು ಮಾತು ಹೇಳಬೇಕು. ಆಗ ಓಟಿನ ಚೀಟಿಯ ಮೇಲೆ ಅಭ್ಯರ್ಥಿಯ ಹೆಸರಾಗಲಿ ಚಿತ್ರವಾಗಲಿ ಇರುತ್ತಿರಲಿಲ್ಲ. ಒಂದು ರೂಪಾಯಿ ನೋಟಿನಷ್ಟು ಸಣ್ಣ ಕಾಗದ, ಅದರ ಮೇಲೊಂದು ನಂಬರು. ಅಭ್ಯರ್ಥಿಗೊಂದರಂತೆ ಬೇರೆ ಬೇರೆ ಪೆಟ್ಟಿಗೆ. ಪೆಟ್ಟಿಗೆಗೆ ಅವರವರ ಗುರುತಿನ ಚಿತ್ರ ಅಂಟಿಸಿರುತ್ತಿತ್ತು. ಮರೆಯ ಹಿಂದೆ ಹೋಗಿ ಬೇಕಾದ ಪೆಟ್ಟಿಗೆಯ ಬಾಯಿಗೆ ಚೀಟಿ ಹಾಕಿ ಬರಬೇಕು. ಚೀಟಿ ಯಾವ ಪೆಟ್ಟಿಗೆಯಲ್ಲಿದೆಯೋ ಓಟು ಅವರದು. ನಮ್ಮ ಮತಗಟ್ಟೆಯಲ್ಲಿ ಇದ್ದದ್ದು ಎರಡೇ ಗುರುತು. ಒಂದು ತಕ್ಕಡಿ, ಅದು ಊರಿನ ಪಟೇಲರು ನಿಲ್ಲಿಸಿದ ಮನುಷ್ಯನದು. ಇನ್ನೊಂದು ಸೈಕಲ್, ಅದು ಚಿನ್ನದ ಗಣಿಯ ಕೂಲಿಗಳೆಲ್ಲ ಒಟ್ಟಾಗಿ ನಿಲ್ಲಿಸಿದ್ದ ವಕೀಲರೊಬ್ಬರದು.

ಸಂಜೆ ಊರು ತಲುಪಿದೆವು. ಮತಗಟ್ಟೆ ಎಂದರೆ ಒಂದೇ ಕೋಣೆಯ ಶಾಲೆ. ಒಂದು ಬಾಗಿಲು, ಸರಳು ಹಾಕಿದ ಒಂದು ಕಿಟಕಿ, ಅಂಗಳದಲ್ಲಿ ಕಾಯಿ ತುಂಬಿದ ದೊಡ್ಡ ಹುಣಸೆ ಮರ. ಬೆಂಕಿಪೆಟ್ಟಿಗೆ ತರಲು ನಾನು ಎದುರಿನ ಅಂಗಡಿಗೆ ಹೋದೆ. ಅಲ್ಲಿ ಒಬ್ಬ ಹೆಂಗಸು ಮೊರದ ತುಂಬ ಹೊಂಗೆ ಬೀಜ ತಂದಿದ್ದಳು. ಐವತ್ತು ದಾಟಿದ ವಯಸ್ಸು. ಮೊರವನ್ನು ಜಗಲಿಯ ಅಂಚಿನಲ್ಲಿಟ್ಟು ಮೂರು ಹೆಜ್ಜೆ ಹಿಂದಕ್ಕೆ ಸರಿದು ನಿಂತಳು. ಅಂಗಡಿಯವನು ಬಂದು ಬೀಜ ಸುರಿದುಕೊಂಡು, ಎಲೆಯಲ್ಲಿ ಕಟ್ಟಿದ ಉಪ್ಪನ್ನೂ ಹೊಗೆಸೊಪ್ಪನ್ನೂ ಮೊರದಲ್ಲಿಟ್ಟು ಒಳಗೆ ಹೋದ. ಅವನು ಹೋದ ಮೇಲೆ ಅವಳು ಮುಂದೆ ಬಂದು ಮೊರ ಎತ್ತಿಕೊಂಡಳು. ಇಬ್ಬರೂ ಒಂದು ಮಾತೂ ಆಡಲಿಲ್ಲ. ಕೇರಿಯ ಜನ ಊರಿನವರಿಗೆ ಏನು ಕೊಡಬೇಕಾದರೂ ಹೀಗೆ ಇಟ್ಟು ಹಿಂದೆ ಸರಿಯಬೇಕು. ನಾನು ಹುಟ್ಟಿದಾಗಿನಿಂದ ನೋಡಿದ್ದೇ ಇದು. ಆದರೂ ಆ ಸಂಜೆಯವರೆಗೆ ಅದರ ಬಗ್ಗೆ ಯೋಚಿಸಿದವನಲ್ಲ.

ಶಾಲೆಗೆ ವಾಪಸು ಬಂದರೆ ಬಾಗಿಲ ಹೊರಗೆ ಒಬ್ಬ ಆಳು ನಿಂತಿದ್ದ. ಮೂವತ್ತರ ಆಸುಪಾಸು, ಗಿಡ್ಡ, ಅಗಲ ಭುಜ. ಗಣಿಯಲ್ಲಿ ಕೆಲಸ ಮಾಡುವವರ ಹಾಗೆ ಸ್ವಲ್ಪ ಗಟ್ಟಿಯಾಗಿ ಮಾತಾಡುತ್ತಿದ್ದ.

"ಸಾಮಿ, ನಾನು ಪಾಪಣ್ಣ. ಕೇರಿಯೋನು. ಕೋರಮಂಡಲ್ ಗಣಿನಾಗೆ ಒಳಗಿನ ಕೆಲಸ. ಎರಡು ದಿನ ಲೀವ್ ಆಕ್ಕೊಂಡ್ ಬಂದಿದೀನಿ, ಓಟ್ ಆಕಾಕೆ."

"ಓಟು ನಾಳೆ ಕಣಯ್ಯ" ಎಂದರು ರಾಯರು.

"ನಾಳೇನೇ ಆಕ್ತೀವಿ ಸಾಮಿ. ಡಬ್ಬ ಒಂದ್ಸಲ ತೋರ್ಸಿ. ಅದರ ಬಾಯಿ ಎಷ್ಟಗಲ ಐತೆ ನೋಡ್ಕೊಂಡ್ ಓಗ್ತೀನಿ."

ರಾಯರು ಪುಸ್ತಕ ತಿರುವಿಹಾಕಿದರು. ಪೆಟ್ಟಿಗೆ ತೋರಿಸಬಾರದೆಂದು ಎಲ್ಲೂ ಬರೆದಿರಲಿಲ್ಲ. ತೋರಿಸಿದೆವು. ಪಾಪಣ್ಣ ಬೆರಳಿನಿಂದ ಪೆಟ್ಟಿಗೆಯ ಬಾಯನ್ನು ಅಳೆದುಕೊಂಡ. ಏಕೆ ಎಂದು ಕೇಳಿದೆ. ಆಗ ಅವನು ಐವತ್ತೆರಡರ ಚುನಾವಣೆಯ ಕಥೆ ಹೇಳಿದ.

ಮೊಟ್ಟಮೊದಲ ಸಲ ಓಟು ಬಂದಾಗ ಕೇರಿಯ ಜನ ಒಳಗೆ ಹೋಗಿ, ಯಾವ ಪೆಟ್ಟಿಗೆ ಬೇಕೋ ಅದರ ಮೇಲೆ ಚೀಟಿ ಇಟ್ಟು, ಹಿಂದೆ ಸರಿದು, ಕೈ ಮುಗಿದು ಬಂದಿದ್ದರು. ಅಂಗಡಿಯ ಜಗಲಿಯಲ್ಲಿ ಇಡುವ ಹಾಗೆ. ಪೆಟ್ಟಿಗೆ ಸರ್ಕಾರದ್ದು, ಮುಟ್ಟಬಾರದು ಎಂದುಕೊಂಡಿದ್ದರು. ಯಾರೋ ಬಂದು ಎತ್ತಿ ಒಳಗೆ ಹಾಕುತ್ತಾರೆ ಎಂದುಕೊಂಡಿದ್ದರು. ಎತ್ತಿ ಹಾಕಿದರು ಕೂಡ. ಕೇರಿಯ ಮೂರು ನಾಲ್ಕು ಜನ ಹೋಗಿ ಬಂದ ಮೇಲೆ ಪಟೇಲರ ಕಡೆಯವನೊಬ್ಬ ನಡುವೆ ಒಳಗೆ ಹೋಗಿ, ಮೇಲಿದ್ದ ಚೀಟಿಗಳನ್ನೆಲ್ಲ ಬಳಿದು ತನ್ನ ಪೆಟ್ಟಿಗೆಗೆ ತುರುಕಿ ಬರುತ್ತಿದ್ದ. ಅವತ್ತಿನ ಗುರುತುಗಳು ಬೇರೆ, ಆಟ ಇದೇ.

"ನಾನೂ ಅಂಗೇ ಮ್ಯಾಲಿಕ್ಕಿ ಬಂದೋನೇ ಸಾಮಿ" ಎಂದು ಪಾಪಣ್ಣ ನಕ್ಕ. "ಗಣಿಗೋಗಿ ಏಳಿದ್ರೆ ನಮ್ ತಮಿಳ್ನೋರೆಲ್ಲ ಒಟ್ಟೆ ಇಡ್ಕೊಂಡು ನಕ್ಕಿದ್ದೇ ನಕ್ಕಿದ್ದು. ಒಂದು ವರ್ಸ ನನ್ನ ಪೆಟ್ಟಿ, ಪೆಟ್ಟಿ ಅಂತ್ಲೇ ಕರೆಯೋರು."

ಅವನ ಜೊತೆ ಕೇರಿಗೆ ಹೋದೆ. ರಾಯರು ಬೇಡವೆಂದರು. ಆದರೂ ಹೋದೆ. ಬೇವಿನ ಮರದ ಕೆಳಗೆ ಒಂದು ಸೀಮೆಎಣ್ಣೆ ಡಬ್ಬಕ್ಕೆ ಸೀಳು ಮಾಡಿ ಕಲ್ಲಿನ ಮೇಲಿಟ್ಟಿದ್ದರು. ಚೀಟಿಯ ಬದಲು ಮುತ್ತುಗದ ಎಲೆಯ ಚೂರು. ಒಬ್ಬೊಬ್ಬರಾಗಿ ಬಂದು ಹಾಕುವ ಅಭ್ಯಾಸ ನಡೆಯುತ್ತಿತ್ತು. ಅಂಗಡಿಯಲ್ಲಿ ನೋಡಿದ ಹೆಂಗಸೂ ಅಲ್ಲಿದ್ದಳು. ಪಾಪಣ್ಣನ ತಾಯಿ, ಮುನಿಯಮ್ಮ. ಅವಳು ಎಲೆಚೂರನ್ನು ಡಬ್ಬದ ಮೇಲಿಟ್ಟು ಮೂರು ಹೆಜ್ಜೆ ಹಿಂದೆ ಸರಿದಳು. ಎಲ್ಲರೂ ನಕ್ಕರು.

"ಅವ್ವಾ, ಮ್ಯಾಲಿಕ್ಕಬ್ಯಾಡ. ಬಾಯಾಗೆ ತುರುಕು!"

"ಸರ್ಕಾರದ ಬಾಯಿಗೆ ಕೈ ಇಕ್ಕಾದೇನ್ಲಾ? ಕಚ್ಚಿದ್ರೆ?"

"ಕಚ್ಚಲ್ಲ ಕಣವ್ವ. ಅದೂ ನಿನ್ ತರಾನೇ ಬೊಚ್ಚುಬಾಯಿ."

ನಾಲ್ಕನೆಯ ಸಲ ಅವಳು ಸರಿಯಾಗಿ ಹಾಕಿದಳು. ಎಲೆ ಒಳಗೆ ಬಿದ್ದ ಸದ್ದಿಗೆ ಬೆಚ್ಚಿ, ಆಮೇಲೆ ತಾನೇ ನಕ್ಕಳು.

ಪಾಪಣ್ಣನ ಇನ್ನೊಂದು ಏರ್ಪಾಡು ಸರತಿಯದು. ಕೇರಿಯವರೆಲ್ಲ ಒಬ್ಬರ ಹಿಂದೊಬ್ಬರು ಬಿಡುವಿಲ್ಲದೆ ನಿಲ್ಲಬೇಕು, ನಡುವೆ ಪಟೇಲರ ಕಡೆಯ ಒಬ್ಬನನ್ನೂ ನುಸುಳಲು ಬಿಡಬಾರದು. ಯಾರಾದರೂ ಮರೆತು ಚೀಟಿ ಮೇಲಿಟ್ಟು ಬಂದರೂ, ಹಿಂದಿನಿಂದ ಹೋದ ನಮ್ಮವನೇ ಅದನ್ನು ಒಳಗೆ ತಳ್ಳುತ್ತಾನೆ. ಅಷ್ಟೇ ಅವನ ಯೋಜನೆ. ಆ ಊರಿನಲ್ಲಿ ಅಷ್ಟಕ್ಕೇ ತಲೆ ಒಡೆಯುತ್ತದೆ ಎಂದು ಅವನಿಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ.

ಶಾಲೆಯವರೆಗೆ ಬಿಡಲು ಬಂದಾಗ ಹೇಳಿದ: "ಗಣಿ ಒಳಗೆ ಬಂಡೆ ಸಿಡಿಯೋಕ್ ಮುಂಚೆ ಒಂದ್ ಸದ್ದು ಬತ್ತದೆ ಸಾಮಿ. ಓಡೋಗಬೋದು. ಮ್ಯಾಲಿನ ಜನ ಸಿಡಿಯೋಕ್ ಮುಂಚೆ ಸದ್ದೇ ಬರಾಕಿಲ್ಲ." ಬಾಗಿಲ ಕಡೆ ನೋಡಿ, "ನಾಳೆ ನೀವ್ ಬಾಗ್ಲಾಗೇ ಇರ್ತೀರಲ್ಲ?" ಎಂದು ಕೇಳಿದ.

"ಇರ್ತೀನಿ. ನನ್ನ ಮೇಜು ಬಾಗಿಲ ಪಕ್ಕದಲ್ಲೇ" ಎಂದೆ.

ಬೆಳಿಗ್ಗೆ ಎಂಟಕ್ಕೆ ಶುರುವಾಯಿತು. ಕಪ್ಪುಹಲಗೆಗೆ ಕಂಬಳಿ ಇಳಿಬಿಟ್ಟು ಮರೆ ಮಾಡಿದ್ದೆವು, ಅದರ ಹಿಂದೆ ಬೆಂಚಿನ ಮೇಲೆ ಎರಡು ಪೆಟ್ಟಿಗೆ. ತಕ್ಕಡಿಯ ಏಜೆಂಟಾಗಿ ಪಟೇಲರ ಭಾವಮೈದುನ ಸೊಣ್ಣಪ್ಪ ಬಂದು ಕುಳಿತ. ಇಸ್ತ್ರಿ ಮಾಡಿದ ಶರ್ಟು, ಮಡಿಲಲ್ಲಿ ಎಲೆಅಡಿಕೆ ಡಬ್ಬಿ. ಸೈಕಲ್ ಕಡೆಯ ಏಜೆಂಟು ಬರಲೇ ಇಲ್ಲ. ದಾರಿಯಲ್ಲಿ ಅವನನ್ನು ತಡೆದು ವಾಪಸು ಕಳಿಸಿದರೆಂದು ಆಮೇಲೆ ತಿಳಿಯಿತು.

ಒಂಬತ್ತರ ಹೊತ್ತಿಗೆ ಹನ್ನೆರಡು ಹದಿಮೂರು ಜನ ಉದ್ದುದ್ದ ಗಳ ಹೊತ್ತು ಅಂಗಳಕ್ಕೆ ಬಂದರು. ಖಾದರ್ ತಡೆದ.

"ಉಣಸೆ ಬಡಿಯಾಕ್ ಬಂದಿದೀವಿ ಸಾಬ್ರೇ. ಮರ ನಮ್ ಪಟೇಲ್ರದ್ದು. ಕಾಯಿ ಉದುರೋಯ್ತಾ ಐತೆ, ಓಟು ಅಂತ ಕಾಯ್ತದಾ ಅದು?"

ಖಾದರ್ ರಾಯರ ಮುಖ ನೋಡಿದ. ರಾಯರು ಪುಸ್ತಕ ನೋಡಿದರು. ಕತ್ತಿ, ದೊಣ್ಣೆ, ಬಂದೂಕಿನ ಬಗ್ಗೆ ಬರೆದಿತ್ತು. ಹುಣಸೆ ಗಳದ ಬಗ್ಗೆ ಏನೂ ಇರಲಿಲ್ಲ. ಬಡಿಯುವುದು ಶುರುವಾಯಿತು.

ಮೊದಲು ಊರಿನವರು ಓಟು ಹಾಕಿದರು. ನನ್ನ ಕೆಲಸ ಮತದಾರರ ಎಡಗೈ ಬೆರಳಿಗೆ ಶಾಯಿ ಹಚ್ಚುವುದು, ಚೀಟಿ ಕೊಡುವುದು. ಹನ್ನೊಂದರ ನಂತರ ಕೇರಿಯ ಸರತಿ ಬಂತು. ಎಲ್ಲರಿಗಿಂತ ಮುಂದೆ ಮುನಿಯಮ್ಮ, ಅವಳ ಬೆನ್ನಿಗೆ ಪಾಪಣ್ಣ, ಅವನ ಹಿಂದೆ ನಲವತ್ತು ಐವತ್ತು ಜನ. ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಗೇಣು ಜಾಗ ಇರಲಿಲ್ಲ.

ಮುನಿಯಮ್ಮ ಒಳಗೆ ಬಂದು ಎಡಗೈಯನ್ನು ನನ್ನ ಮೇಜಿನ ಮೇಲಿಟ್ಟು, ತೋಳು ಎಷ್ಟು ಉದ್ದ ಚಾಚುತ್ತದೋ ಅಷ್ಟು ದೂರ ಹಿಂದೆ ಸರಿದು ನಿಂತಳು. ನಾನು ಅವಳ ಬೆರಳು ಹಿಡಿದು ಶಾಯಿ ಹಚ್ಚಿದೆ.

"ಮೇಷ್ಟ್ರು ಸಾಯಂಕಾಲ ಸ್ನಾನ ಮಾಡ್ಬೇಕಾಯ್ತಲ್ಲಪ್ಪ" ಎಂದ ಸೊಣ್ಣಪ್ಪ, ಯಾರಿಗೆ ಎಂದಿಲ್ಲದೆ.

ಚೀಟಿ ಕೊಟ್ಟೆ. ಅವಳು ಅದನ್ನು ಎರಡು ಕೈಯಲ್ಲಿ ಹಿಡಿದು ಕಂಬಳಿಯ ಕಡೆ ಹೊರಟಳು. ಆಗ ಬಾಗಿಲಲ್ಲಿ ಮಾತು ಕೇಳಿಸಿತು. ಪಟೇಲರ ಕಡೆಯ ಒಬ್ಬ ಆಳು ಪಾಪಣ್ಣನಿಗೂ ಬಾಗಿಲಿಗೂ ನಡುವೆ ನುಗ್ಗಲು ನೋಡುತ್ತಿದ್ದ.

"ನಂಗೆ ಅರ್ಜೆಂಟೈತೆ. ಬಿಡ್ಲಾ."

"ನಮಗೂ ಐತಣ್ಣ. ಐದು ವರ್ಸದಿಂದ ನಿಂತಿದೀವಿ. ಕೊನೆಗ್ ಓಗಿ ನಿಂತ್ಕೊ."

"ನನ್ನೇ ಕೊನೆಗ್ ಓಗು ಅಂತೀಯೇನ್ಲಾ?"

"ನಾನ್ ಎಲ್ಲ್ ಅಂದೆ ಅಣ್ಣ? ಸರತಿ ಅಂತದೆ."

ಹಿಂದೆ ನಿಂತಿದ್ದ ಹೆಂಗಸರು ನಕ್ಕುಬಿಟ್ಟರು. ಆ ನಗು ಬರಬಾರದಿತ್ತು ಎಂದು ನನಗೆ ಈಗಲೂ ಅನಿಸುತ್ತದೆ. ಹಾಗೆ ಅನಿಸಿದ್ದಕ್ಕೆ ನಾಚಿಕೆಯೂ ಆಗುತ್ತದೆ. ಸೊಣ್ಣಪ್ಪ ಕುರ್ಚಿಯಿಂದ ಎದ್ದು ಕಿಟಕಿಗೆ ಹೋಗಿ ಸರಳಿನ ಆಚೆಗೆ ಎಲೆಅಡಿಕೆ ಉಗಿದ. ಬಂದು ಕುಳಿತ.

ಹುಣಸೆ ಬಡಿಯುವ ಸದ್ದು ನಿಂತಿತು.

ಬೆಳಗಿನಿಂದ ಎರಡು ಗಂಟೆ ಬಿಡದೆ ಕೇಳಿದ ಸದ್ದು. ಅದು ನಿಂತಾಗ ಕೋಣೆ ಖಾಲಿಯಾದ ಹಾಗಾಯಿತು. ಪಾಪಣ್ಣನ ಮುಖ ಮರದ ಕಡೆ ತಿರುಗಿದ್ದನ್ನು ನೋಡಿದೆ. ಅವನಿಗೆ ಅರ್ಥವಾಗಿತ್ತು. ಓಡಬಹುದಿತ್ತು. ಓಡಲಿಲ್ಲ. ಎರಡೂ ಕೈಯಲ್ಲಿ ಬಾಗಿಲ ಚೌಕಟ್ಟು ಹಿಡಿದುಕೊಂಡ.

ಗಳಗಳು ಸರತಿಯ ಮೇಲೆ ಬಿದ್ದವು. ಹದಿನೈದು ಅಡಿಯ ಬಿದಿರು ಮೇಲಿನಿಂದ ಬಂದು ಹೆಗಲಿಗೆ ಬಿದ್ದರೆ ಯಾರು ಹೊಡೆದರೆಂದು ತಿರುಗಿ ನೋಡಲೂ ಆಗುವುದಿಲ್ಲ. ಹೆಂಗಸರು ಮಕ್ಕಳನ್ನು ಹೊಟ್ಟೆಗೆ ಒತ್ತಿಕೊಂಡು ನೆಲಕ್ಕೆ ಬಗ್ಗಿದರು. ಒಬ್ಬ ಮುದುಕ ಎರಡು ಕೈ ತಲೆಯ ಮೇಲಿಟ್ಟುಕೊಂಡಿದ್ದ. ಕೈಗಳ ಮೇಲೆ ಬಿದ್ದ ಪೆಟ್ಟಿನ ಸದ್ದು ನನಗೆ ಕೇಳಿಸಿತು, ಒಣ ಕೊಂಬೆ ಮುರಿದ ಹಾಗೆ. ಖಾದರ್ ಲಾಠಿ ಬೀಸುತ್ತ ನಡುವೆ ಹೋದ. ಮರುಕ್ಷಣ ಅವನ ಕೆಂಪು ಪೇಟ ಉರುಳಿ ಬಂತು, ಅವನು ಹಣೆ ಹಿಡಿದುಕೊಂಡಿದ್ದ, ಬೆರಳ ಸಂದಿಯಿಂದ ರಕ್ತ ಸುರಿಯುತ್ತಿತ್ತು. "ಡಬ್ಬ ಕಿತ್ಕೊಳ್ರೋ!" ಎಂದು ಯಾರೋ ಕೂಗಿದರು.

"ಬಾಗಿಲು ಹಾಕ್ರೀ! ಹಾಕ್ರೀ ಬಾಗಿಲು!" ರಾಯರು ಕಿರುಚಿದರು.

ನಾನು ಎದ್ದು ಬಾಗಿಲನ್ನು ತಳ್ಳಿದೆ. ಅರ್ಧದಲ್ಲಿ ತಡೆಯಿತು. ಹೊರಗಿನಿಂದ ಯಾರೋ ಒತ್ತುತ್ತಿದ್ದರು. ಭುಜ ಕೊಟ್ಟು ತಳ್ಳಿದೆ. ಒಂದು ಗೇಣು ಸಂದಿ ಉಳಿಯಿತು. ಆ ಸಂದಿಯಲ್ಲಿ ಬಾಗಿಲಿನ ಅಂಚನ್ನು ಹಿಡಿದ ನಾಲ್ಕು ಬೆರಳು ಕಂಡವು, ಆಮೇಲೆ ಒಂದು ಕೆನ್ನೆ, ಒಂದು ಕಣ್ಣು.

"ಸಾಮಿ, ನಾನು, ಪಾಪಣ್ಣ. ಒಳೀಕ್ ಬಿಡಿ."

ಅವನ ತಲೆಯ ಹಿಂದೆ ಒಂದು ಗಳ ಮೇಲೆದ್ದಿತ್ತು. ಅದನ್ನು ಹಿಡಿದವನ ಮುಖವನ್ನೂ ನೋಡಿದೆ. ಸೊಣ್ಣಪ್ಪನ ದೊಡ್ಡ ಮಗ. ಹಿಂದಿನ ಸಂಜೆ ನಮಗೆ ಎಳನೀರು ತಂದುಕೊಟ್ಟವನು.

"ಕೈ ತೆಗಿ, ಪಾಪಣ್ಣ" ಎಂದೆ.

ಅವನು ತೆಗೆದ. ಅಗಲವಾಗಿ ತೆರೆಯಲು ಹೇಳುತ್ತಿದ್ದೇನೆ ಎಂದುಕೊಂಡನೋ ಏನೋ. ತಕ್ಷಣ ತೆಗೆದ. ನಾನು ಬಾಗಿಲು ಮುಚ್ಚಿ ಅಗುಳಿ ಹಾಕಿದೆ.

ಇದನ್ನೇ ನಾನು ಹೆಂಡತಿಗೆ ಹೇಳಿರಲಿಲ್ಲ. ಗಲಭೆಯಾಯಿತು, ಬಾಗಿಲು ಹಾಕಿಕೊಂಡೆವು ಎಂದಿದ್ದೆ.

ಒಳಗೆ ನಾವು ನಾಲ್ವರು. ರಾಯರು ಎರಡೂ ಪೆಟ್ಟಿಗೆಗಳನ್ನು ಬೆಂಚಿನಿಂದ ಇಳಿಸಿ ಅವುಗಳ ಮೇಲೆ ಕವುಚಿ ಬಿದ್ದಿದ್ದರು, ಎದೆ ಕುಯ್‌ಗುಡುತ್ತಿತ್ತು. ಸೊಣ್ಣಪ್ಪ ಕುರ್ಚಿಯಲ್ಲಿ ಕಾಲು ಮೇಲೆ ಕಾಲು ಹಾಕಿದ್ದ. ಮುನಿಯಮ್ಮ ಕಂಬಳಿ ಸರಿಸಿ ಬಂದಳು. ಚೀಟಿ ಇನ್ನೂ ಕೈಯಲ್ಲೇ ಇತ್ತು. ಹೊರಗಿನಿಂದ "ಅವ್ವಾ" ಎಂಬ ಕೂಗು ಬಂತು, ಒಂದೇ ಸಲ. ಆಮೇಲೆ ಬಾಗಿಲಿಗೆ ಏನೋ ಭಾರವಾದದ್ದು ಒರಗಿದ ಸದ್ದು. ಆಮೇಲೆ ಗಳದ ಪೆಟ್ಟು, ಮತ್ತೆ ಮತ್ತೆ, ಬಾಗಿಲ ಆಚೆಗೆ, ನನ್ನ ಬೆನ್ನಿಗೆ ಒಂದು ಅಂಗುಲ ದೂರದಲ್ಲಿ.

"ನನ್ ಮಗ ಸಾಮಿ. ಬಾಗ್ಲು ತೆಗೀರಿ."

ನಾನು ರಾಯರ ಕಡೆ ನೋಡಿದೆ. "ತೆಗೀಬೇಡ್ರೀ" ಎಂದರು ಅವರು. "ಪೆಟ್ಟಿಗೆ ಹೋದ್ರೆ ಇಡೀ ಊರಿನ ಓಟು ಹೋಗತ್ತೆ. ಕೇರಿಯವರದ್ದೂ ಹೋಗತ್ತೆ." ಅದು ಸುಳ್ಳಲ್ಲ. ನಾನು ಅಗುಳಿಯ ಮೇಲೆ ಕೈಯಿಟ್ಟು ನಿಂತೆ. ಕಿಟಕಿಯ ಸರಳಿನ ನಡುವೆ ಒಂದು ಗಳ ತೂರಿ ಬಂದು ಮೇಜನ್ನು ತಿವಿಯಿತು. ಶಾಯಿಯ ಬಾಟಲಿ ಉರುಳಿತು. ಹಿಡಿಯಲು ಹೋದ ನನ್ನ ಬಲಗೈ ಪೂರ್ತಿ ನೆನೆಯಿತು.

ಮುನಿಯಮ್ಮ ನನ್ನ ಹತ್ತಿರ ಬಂದಳು. ಈ ಸಲ ಹಿಂದೆ ಸರಿದು ನಿಲ್ಲಲಿಲ್ಲ. ಚೀಟಿಯನ್ನು ನನ್ನ ಕೈಗೆ ಒತ್ತಿದಳು.

"ಇದ ತಕ್ಕೊಳಪ್ಪ. ಯಾವ್ ಡಬ್ಬಕ್ ಬೇಕಾದ್ರೂ ಆಕ್ಕೊ. ತಕ್ಕಡಿಗೇ ಆಕ್ಕೊ. ಬಾಗ್ಲು ತೆಗಿ."

ನಾನು ಕೈ ಹಿಂದಕ್ಕೆ ಎಳೆದುಕೊಂಡೆ. ಮತದಾರರ ಚೀಟಿಯನ್ನು ಅಧಿಕಾರಿ ಮುಟ್ಟಬಾರದು ಎಂಬ ನಿಯಮ ನೆನಪಾಯಿತು. ನಿಜವಾಗಿ ಆ ಹೊತ್ತಿನಲ್ಲಿ ನನಗೆ ನೆನಪಾದದ್ದು ಅದೇ. ಅವಳು ಸೊಣ್ಣಪ್ಪನ ಕಡೆ ತಿರುಗಿ ಅವನ ಕಾಲ ಬಳಿ ಚೀಟಿ ಇಟ್ಟಳು. "ಧಣಿ, ನೀವಾದ್ರೂ ಒಂದ್ ಮಾತ್ ಏಳಿ."

ಸೊಣ್ಣಪ್ಪ ಚೀಟಿಯನ್ನು ಚಪ್ಪಲಿಯ ತುದಿಯಿಂದ ದೂರ ಸರಿಸಿದ. ನನಗೆ ಹೇಳಿದ: "ಕೂತ್ಕಳ್ಳಿ ಮೇಷ್ಟ್ರೇ. ಉಣಸೆ ಬಡಿಯೋವಾಗ ಮರದ ಕೆಳಗೆ ಬಂದು ನಿಂತ್ರೆ ಪೆಟ್ಟು ಬೀಳ್ದೆ ಏನ್ ಮಾಡ್ತದೆ?"

ಮುನಿಯಮ್ಮ ಚೀಟಿ ಎತ್ತಿಕೊಂಡು ಬಂದು ಬಾಗಿಲಿಗೆ ಹಣೆ ಒತ್ತಿ ಕುಳಿತಳು. ಆಚೆಯಿಂದ ಅವನು ಒರಗಿದ್ದ, ಈಚೆಯಿಂದ ಅವಳು. ಎಷ್ಟು ಹೊತ್ತು ಎಂದು ಹೇಳಲಾರೆ. ಪೆಟ್ಟು ನಿಂತ ಮೇಲೂ ನಾನು ಬಾಗಿಲು ತೆಗೆಯಲಿಲ್ಲ. ಹಣೆ ಒಡೆದಿದ್ದ ಖಾದರ್ ಯಾರದೋ ಸೈಕಲ್ ಹತ್ತಿ ಕ್ಯಾಸಂಬಳ್ಳಿಗೆ ಹೋಗಿ, ಪೊಲೀಸ್ ಲಾರಿ ಬಂದು, ಇನ್ಸ್‌ಪೆಕ್ಟರು ಹೊರಗಿನಿಂದ ತಟ್ಟಿ ತಮ್ಮ ಹೆಸರು ಹೇಳಿದ ಮೇಲೆ ಅಗುಳಿ ತೆಗೆದೆ. ಮುನಿಯಮ್ಮ ಹಣೆ ಒತ್ತಿ ಕುಳಿತೇ ಇದ್ದುದರಿಂದ ಆಗಲೂ ಬಾಗಿಲನ್ನು ಒಳಕ್ಕೆ ಎಳೆಯುವುದು ಸುಲಭವಾಗಲಿಲ್ಲ. ಆಚೆಯಿಂದ ಪಾಪಣ್ಣ ಅದಕ್ಕೇ ಒರಗಿದ್ದ. ಎಳೆದ ಹಾಗೆ ಅವನು ಒಳಗೆ ಬಿದ್ದ, ತಾಯಿಯ ಮಡಿಲಿಗೆ.

ಅಂಗಳದ ತುಂಬ ಹುಣಸೆ ಕಾಯಿ ಚೆಲ್ಲಿತ್ತು. ಕಾಲಿಗೆ ಸಿಕ್ಕಿ ಅರೆದುಹೋಗಿ, ರಕ್ತದ ಜೊತೆ ಸೇರಿ ಹುಳಿ ವಾಸನೆ ಹೊಡೆಯುತ್ತಿತ್ತು. ಅವನಿಗೆ ಇನ್ನೂ ಉಸಿರಿತ್ತು. ಲಾರಿಯಲ್ಲಿ ಹಾಕಿದರು, ಮುನಿಯಮ್ಮನೂ ಹತ್ತಿದಳು. ಮುಷ್ಟಿಯಲ್ಲಿ ಚೀಟಿಯ ತುದಿ ಕಾಣುತ್ತಿತ್ತು. ಲಾರಿ ಕ್ಯಾಸಂಬಳ್ಳಿ ಮುಟ್ಟುವ ಮೊದಲೇ ಅವನು ಹೋಗಿಬಿಟ್ಟ.

ಪೊಲೀಸರನ್ನು ಕಾವಲಿಟ್ಟು ಮತದಾನ ಮುಂದುವರಿಸಿದೆವು. ಕೇರಿಯಿಂದ ಯಾರೂ ಬರುವುದಿಲ್ಲ ಎಂದುಕೊಂಡಿದ್ದೆ. ನಾಲ್ಕು ಗಂಟೆಗೆ ಏಳು ಜನ ಬಂದರು. ಒಬ್ಬರ ಬೆನ್ನಿಗೆ ಒಬ್ಬರು ಅಂಟಿಕೊಂಡು, ಮುಂದಿನವರ ಹೆಗಲು ಹಿಡಿದುಕೊಂಡು. ಮುರಿದ ಕೈಗೆ ಬಟ್ಟೆ ಸುತ್ತಿದ್ದ ಆ ಮುದುಕನೂ ಇದ್ದ. ಚೀಟಿಗಳು ಕಬ್ಬಿಣದ ಪೆಟ್ಟಿಗೆಯೊಳಗೆ ಬೀಳುವುದನ್ನು ಒಂದೊಂದಾಗಿ ಕೇಳಿಸಿಕೊಂಡೆ.

ಸಂಜೆ ರಾಯರು ಲೆಕ್ಕ ಒಪ್ಪಿಸಿಕೊಂಡರು. "ಕೊಟ್ಟ ಚೀಟೀಲಿ ಒಂದು ಪೆಟ್ಟಿಗೆಗೆ ಬಿದ್ದಿಲ್ಲ ಅಲ್ವೇನ್ರೀ."

"ಅದು ಆಕೆ ಹತ್ತಿರ ಇದೆ ಸಾರ್."

ರಾಯರು ಪೆನ್ನು ತೆಗೆದು, ಮತದಾರಳು ಮತಪತ್ರದೊಂದಿಗೆ ಹೊರಗೆ ಹೋಗಿದ್ದಾಳ ಎಂದು ಬರೆದರು. ಕಡೆಯ ಅಕ್ಷರ ತಪ್ಪಿತ್ತು. ನಾನು ತಿದ್ದಲಿಲ್ಲ.

ಆ ಸಲ ತಕ್ಕಡಿಯೇ ಗೆದ್ದಿತು. ನನ್ನ ಬಲಗೈಯ ಶಾಯಿ ಒಂದು ತಿಂಗಳು ಹೋಗಲಿಲ್ಲ. ಉಗುರುಗಳಲ್ಲಿ ಮಳೆಗಾಲದವರೆಗೂ ಇತ್ತು. ಎಲ್ಲರಿಗೂ ಒಂದು ಬೆರಳು, ನನಗೆ ಇಡೀ ಅಂಗೈ. ಕ್ಲಾಸಿನಲ್ಲಿ ಕೈ ಕಾಣದ ಹಾಗೆ ಜೇಬಿನಲ್ಲಿಟ್ಟುಕೊಂಡೇ ಪಾಠ ಮಾಡುತ್ತಿದ್ದೆ.

ಮೊಕದ್ದಮೆ ನಡೆಯಿತು. ಓದಿದ ಸಾಕ್ಷಿ, ಸರ್ಕಾರಿ ನೌಕರ, ಬಾಗಿಲ ಬಳಿಯೇ ಇದ್ದವನು ಎಂದು ನನ್ನನ್ನು ಕರೆದರು. ಆರೋಪಿಗಳ ವಕೀಲರು ಬಾಗಿಲ ಸಂದಿ ಎಷ್ಟು ಅಗಲವಿತ್ತೆಂದು ಕೇಳಿದರು. ಗೇಣು ಹಾಕಿ ತೋರಿಸಿದೆ.

"ಇಷ್ಟು ಸಂದಿಯಲ್ಲಿ, ಆ ಗಾಬರಿಯಲ್ಲಿ, ಒಬ್ಬ ಮನುಷ್ಯನ ಗುರುತು ಖಂಡಿತವಾಗಿ ಸಿಗುತ್ತದೆಯೇ?"

ಎದುರಿಗೆ ಸೊಣ್ಣಪ್ಪನ ಮಗ ಕೈ ಕಟ್ಟಿ ನಿಂತಿದ್ದ. ಅದರ ಹಿಂದಿನ ವಾರ ಇಬ್ಬರು ಮನೆಗೆ ಬಂದು, ನಮ್ಮಮ್ಮನ ಕೈಗೆ ಒಂದು ಮೂಟೆ ಹುಣಸೆಹಣ್ಣು ಕೊಟ್ಟು, ಮೇಷ್ಟ್ರು ಯಾವ ದಾರಿಯಲ್ಲಿ ಸ್ಕೂಲಿಗೆ ಹೋಗುತ್ತಾರೆ ಎಂದು ವಿಚಾರಿಸಿ ಹೋಗಿದ್ದರು. ಹಿಂದಿನ ಬೆಂಚಿನಲ್ಲಿ ಮುನಿಯಮ್ಮ ಇದ್ದಳು.

"ಖಂಡಿತವಾಗಿ ಹೇಳಲಾರೆ" ಎಂದೆ.

ಎಲ್ಲರೂ ಬಿಡುಗಡೆಯಾದರು.

ಅರವತ್ತೆರಡರಲ್ಲಿ ಮತ್ತೆ ಚುನಾವಣೆ ಬಂತು. ಅಷ್ಟರಲ್ಲಿ ಪದ್ಧತಿ ಬದಲಾಗಿತ್ತು. ಎಲ್ಲ ಗುರುತುಗಳನ್ನೂ ಅಚ್ಚು ಹಾಕಿದ ಒಂದೇ ಚೀಟಿ. ಮರೆಯಲ್ಲಿ ಬೇಕಾದ ಚಿತ್ರಕ್ಕೆ ಮುದ್ರೆ ಒತ್ತಿ, ಮಡಿಚಿ, ಎಲ್ಲರ ಕಣ್ಣೆದುರಿಗೆ ಇಟ್ಟಿರುವ ಒಂದೇ ಪೆಟ್ಟಿಗೆಗೆ ಹಾಕಬೇಕು. ಹಿಂದಿನಿಂದ ಹೋಗಿ ಬಳಿದುಕೊಳ್ಳಲು ಅಲ್ಲಿ ಏನೂ ಉಳಿಯುವುದಿಲ್ಲ. ನನ್ನನ್ನು ಪ್ರಿಸೈಡಿಂಗ್ ಆಫೀಸರ್ ಮಾಡಿದ್ದರು. ಆ ಊರನ್ನೇ ಕೇಳಿ ಹಾಕಿಸಿಕೊಂಡೆ. ತಾಲ್ಲೂಕು ಕಚೇರಿಯ ಗುಮಾಸ್ತರು ಕನ್ನಡಕ ಎತ್ತಿ ನೋಡಿದರು. "ಎಲ್ರೂ ಆ ಊರು ಬೇಡ ಅಂತ ಬರ್ತಾರೆ. ನಿಮಗೇನ್ರೀ ಬಂತು?"

ಹಿಂದಿನ ಸಂಜೆಯೇ ಊರಿನ ಬಡಗಿಯನ್ನು ಕರೆಸಿ ಶಾಲೆಯ ಬಾಗಿಲನ್ನು ಕೀಲಿನಿಂದ ಕಳಚಿಸಿದೆ. ಎರಡು ಬೆಂಚಿನ ಮೇಲೆ ಅದನ್ನು ಅಡ್ಡ ಹಾಕಿಸಿ ಮೇಜು ಮಾಡಿಕೊಂಡೆ. ಹೊರಗಡೆಯಿದ್ದ ಮಗ್ಗುಲು ಮೇಲೆ ಬಂತು. ಕೆಳಭಾಗದಲ್ಲಿ ಪೆಟ್ಟಿನ ಗುಳಿಗಳು ಹಾಗೇ ಇದ್ದವು. ಬೆಳಿಗ್ಗೆ ಸೊಣ್ಣಪ್ಪ ಏಜೆಂಟಾಗಿ ಬಂದ. ಕೂದಲು ನರೆತಿತ್ತು.

"ಏನ್ ಮೇಷ್ಟ್ರೇ, ಬಾಗ್ಲೇ ಕಿತ್ತಾಕ್ಬಿಟ್ರಿ? ಗಾಳಿ ಬೇಕಾಯ್ತಾ?"

ನಾನು ಅಂಗಳದ ಕಡೆ ನೋಡಿದೆ. ಹುಣಸೆ ಮರದ ಕೆಳಗೆ ಆರು ಜನ ಪೊಲೀಸರಿದ್ದರು, ಗಳ ಹಿಡಿದವರು ಒಬ್ಬರೂ ಇರಲಿಲ್ಲ.

ಕೇರಿಯ ಸರತಿ ಹತ್ತಕ್ಕೇ ಬಂತು. ಅಭ್ಯಾಸಬಲವೋ ಏನೋ, ಈಗಲೂ ಒಬ್ಬರಿಗೊಬ್ಬರು ಅಂಟಿಕೊಂಡೇ ನಿಂತಿದ್ದರು. ಮುನಿಯಮ್ಮ ನಾಲ್ಕನೆಯವಳು. ಬಾಗಿಲಿಲ್ಲದ ಚೌಕಟ್ಟನ್ನು ಮೇಲಿಂದ ಕೆಳಗೆ ನೋಡಿ, ಹೊಸ್ತಿಲಿನ ಮೇಲೆ ಕಾಲಿಡದೆ ದಾಟಿ ಒಳಗೆ ಬಂದಳು. ಶಾಯಿ ಹಚ್ಚುವ ಹುಡುಗಿ, ಹೊಸದಾಗಿ ಸೇರಿದ್ದ ಟೀಚರು, ಕೈ ಚಾಚಿದಾಗ ಮುನಿಯಮ್ಮ ಹತ್ತಿರವೇ ನಿಂತು ಬೆರಳು ಕೊಟ್ಟಳು. ಮರೆಗೆ ಹೋಗಿ ಮುದ್ರೆ ಒತ್ತಿ ಬಂದಳು. ಪೆಟ್ಟಿಗೆಯ ಬಾಯಿಗೆ ಚೀಟಿಯಿಟ್ಟು, ಸಿಕ್ಕಿಕೊಂಡಾಗ ಬೆರಳಿನಿಂದ ಒಳಕ್ಕೆ ತಳ್ಳಿ, ಕೆಳಗೆ ಬಿದ್ದ ಸದ್ದು ಕೇಳುವವರೆಗೂ ಕೈ ತೆಗೆಯಲಿಲ್ಲ.

ಆಮೇಲೆ ನನ್ನ ಮುಂದೆ ಬಂದಳು. ಸೊಂಟದ ಎಲೆಅಡಿಕೆ ಸಂಚಿ ಬಿಚ್ಚಿ, ಎಷ್ಟೋ ಮಡಿಕೆ ಮಾಡಿದ್ದ ಒಂದು ಕಾಗದ ತೆಗೆದು ಬಿಡಿಸಿದಳು. ಒಂದು ರೂಪಾಯಿ ನೋಟಿನಷ್ಟು ದೊಡ್ಡದು. ಸುಣ್ಣದ ಕಲೆ, ಅಡಿಕೆಯ ಕಲೆ, ಒಂದು ಮೂಲೆಯಲ್ಲಿ ಬೇರೆ ಏನೋ ಕಂದು ಕಲೆ. ನಂಬರು ಮಾತ್ರ ಸ್ಪಷ್ಟವಾಗಿತ್ತು.

"ಆವತ್ತು ನಿಂಗೇ ಕೊಟ್ಟೆ. ನೀನ್ ತಕ್ಕೊಳ್ಳಿಲ್ಲ" ಎಂದಳು.

ನಾನು ಎದ್ದು ಬಲಗೈ ಚಾಚಿದೆ.

ಅವಳು ನನ್ನ ಕೈಗೆ ಕೊಡಲಿಲ್ಲ. ಕಾಗದವನ್ನು ಆ ಬಾಗಿಲ ಹಲಗೆಯ ಮೇಲಿಟ್ಟು ಮೂರು ಹೆಜ್ಜೆ ಹಿಂದಕ್ಕೆ ಸರಿದಳು. ನಾನು ಅದನ್ನು ಎತ್ತಿಕೊಳ್ಳುವವರೆಗೂ ಅಲ್ಲೇ ನಿಂತಿದ್ದಳು.